ಊಟದ ಲೆಕ್ಕವೂ ಸೇರಲಿ
ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲೂ ಬಡತನವೇ ಎಂದು ಹೊರಗಿನವರು ಕೇಳುವುದುಂಟು. ಕಬ್ಬಿನ ಬಿಲ್ಲು ಹೊಲ ಇದ್ದವರಿಗೆ. ಕಬ್ಬು ಕಡಿಯುವವರಿಗೂ ಬನಹಟ್ಟಿಯ ಮಗ್ಗದ ಕೂಲಿಗಳಿಗೂ ದಕ್ಕುವುದು ಅಂದಂದಿನ ಕೂಲಿ. ಅಂಥ ಮನೆಗಳ ಜಾಣ ಮಕ್ಕಳ ಓದಿಗೆ ನೆರವಾಗಲು ಸಮೀರವಾಡಿಯಲ್ಲಿ ಸೋಮಯ್ಯ ಸಂಸ್ಥೆಯ ‘ಹೆಲ್ಪ್ ಎ ಚೈಲ್ಡ್’ ಯೋಜನೆ ಇದೆ. ಖಾಸಗಿಯವರು ನೆರವಿಗೆ ಬಂದರೆ ಸರ್ಕಾರ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಸರ್ಕಾರದ ಲೆಕ್ಕವನ್ನೇ ನೋಡಿ: 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ವಿದ್ಯಾರ್ಥಿವೇತನದಲ್ಲಿ ಪಿಯುಸಿ ಹುಡುಗಿಗೆ ಗೊತ್ತುಮಾಡಿದ್ದು ವರ್ಷಕ್ಕೆ 3,000 ರೂಪಾಯಿ, ಅಂದರೆ ತಿಂಗಳಿಗೆ 250. ಸರ್ಕಾರಿ ಬಸ್ಸು ಈಗ ಹೆಣ್ಣುಮಕ್ಕಳಿಗೆ ಉಚಿತ, ನಿಜ. ಮೆಸ್ಸಿನ ಬಿಲ್ಲು, ರೂಮಿನ ಬಾಡಿಗೆ ಉಚಿತವಲ್ಲ. ಬೀಳಗಿಯ ಹಳ್ಳಿಯಿಂದ ಬಾಗಲಕೋಟೆಗೋ ವಿಜಯಪುರಕ್ಕೋ ಓದಲು ಹೋದ ಮಗುವನ್ನು ವಾಪಸ್ ಕರೆಸುವುದು ಹೆಚ್ಚಾಗಿ ಈ ಖರ್ಚೇ, ಜೊತೆಗೆ ಮನೆಗೆ ತಪ್ಪಿದ ಒಂದಾಳಿನ ಕೂಲಿ. ನೆರವಿಗೆ ಅಂಕವೊಂದನ್ನೇ ನೋಡಿ ಆರಿಸಿದರೆ ಮನೆಗೆಲಸದ ನಡುವೆ ಓದಿದವರು ಹಿಂದೆ ಬೀಳುತ್ತಾರೆಂಬ ಮಾತನ್ನಂತೂ ನಾನು ಒಪ್ಪುತ್ತೇನೆ. ಅದಕ್ಕೆ ಮನೆಯ ಸ್ಥಿತಿಯನ್ನೂ ತೂಗಬೇಕು, ನೆರವು ನಿಲ್ಲಿಸಬಾರದು. ನೆರವು ಕೊಡುವವರು ಶುಲ್ಕ ಕಟ್ಟಿ ಕೈತೊಳೆದುಕೊಳ್ಳದೆ, ಊಟ ಮತ್ತು ವಸತಿಯ ಹಣವನ್ನು ಪ್ರವೇಶದ ದಿನಗಳಲ್ಲೇ, ಓದು ಮುಗಿಯುವವರೆಗೆ ಪ್ರತಿ ವರ್ಷ ಕೊಡಬೇಕು.