ಮದ್ದಿಗೇಕೆ ಗುಟ್ಟು?

ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯ ವಿಸ್ತರಣೆಯನ್ನು ಅದೆಷ್ಟು ಉತ್ತರ ಪತ್ರಿಕೆಗಳಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. ಅದೇ ಗಾದೆಯನ್ನು ಜನ ನನ್ನ ಮೈಕಟ್ಟು ನೋಡಿ ನನಗೇ ಹೇಳಿದಾಗ ಮಾತ್ರ ನಕ್ಕು ಸುಮ್ಮನಾಗುತ್ತಿದ್ದೆ. ಆ ಸುಮ್ಮನಿರುವಿಕೆ ಎಂಥ ತಪ್ಪು ಎಂದು ತಿಳಿಯಲು ನನ್ನ ತಂಗಿಯ ಮಗಳು ಆಸ್ಪತ್ರೆ ಸೇರಬೇಕಾಯಿತು.

ನನ್ನ ಎತ್ತರ 155 ಸೆಂಟಿಮೀಟರು. 2025ರಲ್ಲಿ ತೂಕ 84 ಕಿಲೋ ಇತ್ತು. ಎಂಟು ವರ್ಷಗಳ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ, ಮೆಟ್ಟಿಲು ಕಂಡರೆ ಅಳುವ ಮಂಡಿ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಎಂಬ ಔಷಧಿ ಆ ವರ್ಷದ ಮಾರ್ಚಿಯಲ್ಲಿ ನಮ್ಮ ದೇಶಕ್ಕೆ ಬಂತು. ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಜೂನಿನಲ್ಲಿ ಬಂತು. ಊಟವಾದ ಮೇಲೆ ನಮ್ಮ ಕರುಳಿನಲ್ಲಿ ಹುಟ್ಟುವ ಹಾರ್ಮೋನಿನಂತೆ ಇವು ಕೆಲಸ ಮಾಡುತ್ತವೆ. ‘ಹೊಟ್ಟೆ ತುಂಬಿತು, ಸಾಕು’ ಎಂದು ಮಿದುಳಿಗೆ ಹೇಳುತ್ತವೆ, ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ.

ನನ್ನ ಡಾಕ್ಟರು ಇದನ್ನು ಸುಮ್ಮನೆ ಬರೆದುಕೊಡಲಿಲ್ಲ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಮೇದೋಜೀರಕ ಗ್ರಂಥಿ ಊದಿಕೊಂಡದ್ದುಂಟೇ, ಪಿತ್ತಕೋಶದಲ್ಲಿ ಕಲ್ಲು ಇದೆಯೇ ಎಂದು ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ಎರಡೂ ಸೇರಿ ಸಕ್ಕರೆ ತೀರಾ ಕೆಳಗಿಳಿಯಬಾರದೆಂದು ನಾನು ನುಂಗುತ್ತಿದ್ದ ಗ್ಲಿಮೆಪಿರೈಡ್ ಮಾತ್ರೆಯನ್ನು ಕಡಿಮೆ ಮಾಡಿದರು. ನಾಲ್ಕು ವಾರ 2.5 ಮಿಲಿಗ್ರಾಂ, ಮತ್ತೆ ನಾಲ್ಕು ವಾರ 5, ಆಮೇಲೆ 7.5. ಮೆಟ್ಟಿಲು ಹತ್ತಿದ ಹಾಗೆ.

ಇಷ್ಟೆಲ್ಲ ಸರಿಯಾಗಿ ಮಾಡಿದವಳು ನಾನು ಒಂದು ಕೆಲಸ ತಪ್ಪು ಮಾಡಿದೆ. ಆ ಪೆನ್ನನ್ನು ಹಳೆಯ ಟಿಫನ್ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಬಚ್ಚಿಟ್ಟೆ. ನಮ್ಮ ಯಜಮಾನರಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ‘ಮೇಡಂ ಇಳಿದುಬಿಟ್ಟಿದ್ದೀರಲ್ಲ!’ ಎಂದರೆ ‘ಬೆಳಗ್ಗೆ ವಾಕಿಂಗ್ ಹೋಗ್ತೀನಿ’ ಎನ್ನುತ್ತಿದ್ದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಲ್ಲರೆದುರು ನುಂಗುವವಳಿಗೆ ಇದನ್ನು ಹೇಳಲು ನಾಚಿಕೆ. ತಿನ್ನುವುದನ್ನು ಬಿಡಲಾರದೆ ಸೂಜಿ ಹಿಡಿದಳು ಎಂದಾರೆಂಬ ಭಯ.

ತಂಗಿಯ ಮಗಳ ಮದುವೆ ಗೊತ್ತಾಗಿತ್ತು. ಹುಡುಗಿಗೆ ಇಪ್ಪತ್ತಾರು ವರ್ಷ, ಎತ್ತರ 158 ಸೆಂಟಿಮೀಟರು, ತೂಕ 62 ಕಿಲೋ. ಗಂಡಿನ ಕಡೆಯ ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತಾ ‘ಹುಡುಗಿ ಲಕ್ಷಣವಾಗಿದ್ದಾಳೆ, ಮದುವೆ ಹೊತ್ತಿಗೆ ಸ್ವಲ್ಪ ಇಳಿದರೆ ಜೋಡಿ ಒಪ್ಪುತ್ತೆ’ ಅಂದಿದ್ದರಂತೆ. ಸೀರೆ ತೆಗೆಯಲೆಂದು ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದಳು. ಡಬ್ಬಿಯನ್ನು ಯಾವಾಗ ನೋಡಿದಳೋ, ಮೊಬೈಲಿನ ವಿಡಿಯೋ ನೋಡಿ ಚುಚ್ಚಿಕೊಳ್ಳುವುದನ್ನು ಯಾವಾಗ ಕಲಿತಳೋ! ಊರಿಗೆ ಹೊರಡುವ ದಿನ ನನ್ನ ಪೆನ್ನಿನಿಂದಲೇ ಚುಚ್ಚಿಕೊಂಡಿದ್ದಾಳೆ. 2.5ರಿಂದ ಶುರುವಾಗಬೇಕಾದ ಔಷಧಿ, ಒಮ್ಮೆಗೇ 7.5.

ಮರುದಿನದಿಂದ ವಾಂತಿ. ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೊರಗಿನ ಊಟದ ದೋಷವಿರಬೇಕು ಎಂದುಕೊಂಡರು. ಹುಡುಗಿ ಬಾಯಿ ಬಿಡಲಿಲ್ಲ. ಎರಡನೆಯ ದಿನ ಮೂತ್ರ ತೀರಾ ಕಡಿಮೆಯಾದಾಗ ಹೆದರಿ ನನಗೆ ಫೋನ್ ಮಾಡಿದಳು. ‘ದೊಡ್ಡಮ್ಮ, ಬೈಬೇಡಿ. ನಿಮ್ಮ ಇಂಜೆಕ್ಷನ್ ತಗೊಂಡೆ. ಅಮ್ಮಂಗೆ ಹೇಳ್ಬೇಡಿ.’

ನಾನು ಹೇಳಿದೆ. ತಂಗಿಗೂ ಹೇಳಿದೆ, ಡಾಕ್ಟರಿಗೂ ಹೇಳಿದೆ. ಈ ಮದ್ದಿನ ಅರ್ಧ ಭಾಗ ಮೈಯಿಂದ ಹೋಗುವುದಕ್ಕೇ ಸುಮಾರು ಐದು ದಿನ ಬೇಕಂತೆ. ಹೊಕ್ಕದ್ದನ್ನು ವಾಪಸು ತೆಗೆಯುವ ಉಪಾಯವಿಲ್ಲ. ನೀರಿನಂಶ ಬತ್ತಿ ಕಿಡ್ನಿಗೆ ಪೆಟ್ಟಾಗದಂತೆ ಡ್ರಿಪ್ ಹಾಕಿ ಕಾಯಬೇಕು. ಕಾದರು. ಹುಡುಗಿ ಉಳಿದಳು. ಒಬ್ಬರು ಬಳಸಿದ ಪೆನ್ನನ್ನು ಹೊಸ ಸೂಜಿ ಹಾಕಿದರೂ ಇನ್ನೊಬ್ಬರು ಬಳಸಬಾರದು, ರಕ್ತದ ಸೋಂಕು ದಾಟಬಹುದು ಎಂದು ಅವಳ ರಕ್ತವನ್ನೂ ಪರೀಕ್ಷೆ ಮಾಡಿದರು. ನನ್ನ ರಕ್ತವನ್ನೂ ಕೊಟ್ಟು ಬಂದೆ.

ಈಗ ನನ್ನ ಜಗಳ ಯಾರ ಜೊತೆ ಎಂದು ಹೇಳಿಬಿಡುತ್ತೇನೆ.

ಮೊದಲನೆಯದು, ‘ಇಂಥ ಮದ್ದೇ ಬೇಡ, ಬಾಯಿ ಕಟ್ಟಿದರೆ ಸಾಕು’ ಎನ್ನುವವರ ಜೊತೆ. ಇವರ ಅನುಮಾನಕ್ಕೆ ಕಾರಣವಿಲ್ಲದಿಲ್ಲ. ತೂಕ ಇಳಿಸುವ ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸುತ್ತದೆಂದು 1997ರಲ್ಲಿ ಅಮೆರಿಕದಲ್ಲಿ ವಾಪಸಾಯಿತು. ಹೃದಯಾಘಾತದ ಭಯದಿಂದ ಸಿಬುಟ್ರಮಿನ್ ಅನ್ನು ನಮ್ಮ ದೇಶ 2011ರಲ್ಲಿ ನಿಷೇಧಿಸಿತು. ಆದರೆ ಸ್ಥೂಲಕಾಯ ಬರೀ ನಾಲಗೆಯ ಚಪಲವಲ್ಲ. ವಂಶ, ಹಾರ್ಮೋನು, ನಿದ್ದೆ, ವಯಸ್ಸು ಎಲ್ಲವೂ ಸೇರಿ ಆಗುವ ಕಾಯಿಲೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ನಮ್ಮನ್ನೇಕೆ ಅನ್ನಬೇಕು?

ಎರಡನೆಯದು, ಎಲ್ಲರಿಗೂ ಮದ್ದು ಹಂಚಲು ಕೂತವರ ಜೊತೆ. ತೂಕದ ಕಿಲೋವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿ ನೋಡಿ. ಅದೇ ಬಿಎಂಐ. ಸಾಮಾನ್ಯವಾಗಿ ಅದು 30 ದಾಟಿದವರಿಗೆ, ಇಲ್ಲವೇ 27 ದಾಟಿ ಸಕ್ಕರೆ, ರಕ್ತದೊತ್ತಡದಂಥ ತೊಂದರೆ ಇರುವವರಿಗೆ ಈ ಔಷಧಿ. ನನ್ನದು 35, ನಮ್ಮ ಹುಡುಗಿಯದು 25 ಕೂಡ ಇಲ್ಲ. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚೆಂದು ಲೆಕ್ಕ, ಆದ್ದರಿಂದ ಅವಳು ನಡೆಯಲಿ, ಊಟ ತಿದ್ದಿಕೊಳ್ಳಲಿ. ಆದರೆ ಫೋಟೋ ಆಲ್ಬಮ್ಮಿಗಾಗಿ ಸೂಜಿ ಬೇಡ. ಔಷಧಿಯ ಪೆಟ್ಟಿಗೆಯ ಮೇಲೆ ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಅಚ್ಚಾಗಿರುತ್ತದೆ. ಅಂಗಡಿಯವರು ಓದದಿದ್ದರೆ ನಾವಾದರೂ ಓದೋಣ. ಬ್ಯೂಟಿ ಪಾರ್ಲರಿನಲ್ಲಿ, ಪರಿಚಯದವರ ಕೈಯಲ್ಲಿ ಇದನ್ನು ಕೊಳ್ಳುವ ಮಾತೇ ಬೇಡ.

ಮೂರನೆಯದು, ಅತಿ ದೊಡ್ಡದು, ಹೆಣ್ಣಿನ ಮೈ ತೂಗಿ ಮಾತಾಡುವ ನಮ್ಮದೇ ಮನೆಗಳ ಜೊತೆ. ಆ ಹಿರಿಯರು ಹುಡುಗನ ಹೊಟ್ಟೆಯ ಬಗ್ಗೆ ಏನಾದರೂ ಅಂದರೇ? ಮದುವೆಯಾಗುವ ಹುಡುಗಿಗೆ ನಿಜವಾಗಿ ಹೇಳಬೇಕಾದ ಮಾತನ್ನು ಒಬ್ಬರೂ ಹೇಳಿರಲಿಲ್ಲ. ಈ ಮದ್ದು ಗರ್ಭಿಣಿಯರಿಗೆ ಸಲ್ಲದು. ಸೆಮಾಗ್ಲುಟೈಡನ್ನು ಗರ್ಭ ಧರಿಸುವ ಯೋಚನೆಗೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸಬಹುದು. ಶುರು ಮಾಡಿದಾಗ ಮತ್ತು ಪ್ರತಿ ಸಲ ಪ್ರಮಾಣ ಏರಿಸಿದಾಗ ನಾಲ್ಕು ವಾರ ಬೇರೆ ಉಪಾಯವೂ ಬೇಕು. ಗುಟ್ಟಾಗಿ ತೆಗೆದುಕೊಳ್ಳುವವಳಿಗೆ ಇದನ್ನು ಹೇಳುವವರು ಯಾರು?

ಬೇಕಾದವರು ತೆಗೆದುಕೊಳ್ಳಿ, ಆದರೆ ಬಯಲಲ್ಲಿ ತೆಗೆದುಕೊಳ್ಳಿ. ಕರಗುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಕರಗುತ್ತದೆ. ಹಸಿವಿಲ್ಲವೆಂದು ಕಾಫಿ ಕುಡಿದು ದಿನ ತಳ್ಳಬೇಡಿ. ಮೊಳಕೆ ಕಾಳು, ಮೊಸರು, ತಿನ್ನುವವರು ಮೊಟ್ಟೆ, ದಿನವೂ ತಟ್ಟೆಯಲ್ಲಿರಲಿ. ಕೈಕಾಲಿಗೆ ಕೆಲಸ ಕೊಡಿ. ಹೊಟ್ಟೆನೋವು ಬಿಡದೆ ಬೆನ್ನಿಗೂ ಹರಿದರೆ ಮುಂದಿನ ಚುಚ್ಚುಮದ್ದು ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಓಡಿ. ಆಪರೇಷನ್ನಿಗೆ ಹೋಗುವಾಗ ಅರಿವಳಿಕೆ ಕೊಡುವವರಿಗೆ ಮೊದಲೇ ತಿಳಿಸಿ, ಜಠರದಲ್ಲಿ ಊಟ ಉಳಿದಿರಬಹುದು. ಎರಡು ತಿಂಗಳಲ್ಲಿ ಮುಗಿಯುವ ಮದ್ದೂ ಇದಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ದುಡ್ಡಿನ ಲೆಕ್ಕವನ್ನೂ ಹಾಗೆಯೇ ಹಾಕಿಕೊಳ್ಳಿ.

ಮದುವೆ ನಡೆಯಿತು. ಹುಡುಗಿ ಇದ್ದ ಹಾಗೆಯೇ ಹಸೆಮಣೆ ಏರಿದಳು. ಮದುವೆಗೆ ಮೊದಲು ನಡೆದದ್ದನ್ನೆಲ್ಲ ಹುಡುಗನಿಗೆ ಅವಳೇ ಹೇಳಿದ್ದಳು.

ನನ್ನ ಪೆನ್ನು ಈಗ ಕೊತ್ತಂಬರಿ ಸೊಪ್ಪಿನ ಹಿಂದಿಲ್ಲ. ಫ್ರಿಜ್ಜಿನ ಮುಂದಿನ ತಟ್ಟಿನಲ್ಲಿ, ನನ್ನ ಹೆಸರು ಮತ್ತು ತಾರೀಖು ಬರೆದ ಡಬ್ಬಿಯಲ್ಲಿದೆ. ಸ್ಟಾಫ್ ರೂಮಿನಲ್ಲೂ ಹೇಳಿದೆ. ಒಬ್ಬರು ಮುಖ ತಿರುಗಿಸಿದರು. ಇಬ್ಬರು ಸಂಜೆ ಗೇಟಿನ ಹತ್ತಿರ ಕಾದು ನಿಂತು, ತಾವೂ ಚೀಟಿಯಿಲ್ಲದೆ ಚುಚ್ಚಿಕೊಳ್ಳುತ್ತಿರುವುದಾಗಿ ಮೆಲ್ಲಗೆ ಹೇಳಿದರು. ಮರುದಿನ ಮೂವರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋದೆವು.