ದೇವರ ಅಳತೆ ಕೇಳಿದವನು ಮತ್ತು ಸುಮ್ಮನಾದ ಪಾದ್ರಿ

ದೇವರನ್ನು ನಂಬದವರ ಪೈಕಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು. ಯಾಕಂದ್ರೆ ಮುಂದೆ ಬರೆಯೋದು ನಮ್ಮವರಿಗೇ, ಅಂದ್ರೆ ನಂಬದವರಿಗೇ, ಸ್ವಲ್ಪ ಕಹಿ ಅನ್ನಿಸಬಹುದು. ಕ್ರೈಸ್ತ ಗೆಳೆಯರಿಗೂ ಒಂದೆರಡು ಮಾತು ಚುಚ್ಚಬಹುದು. ಎರಡೂ ಕಡೆಯವರು ಬೈದರೆ ತಕ್ಕಡಿ ಸಮ ಇದೆ ಅಂದುಕೊಳ್ತೀನಿ :-)

ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ಬಸ್ಸಿಗೆ ಕಾದವರಿಗೆ ಗೊತ್ತು. ಕಡಲೆಕಾಯಿ, ಕರ್ಚೀಫು, ಮೊಬೈಲ್ ಕವರ್ ಮಾರುವವರ ನಡುವೆ ಒಮ್ಮೊಮ್ಮೆ ಯಾರಾದರೂ ಬಂದು ಕೈಗೊಂದು ಸುವಾರ್ತೆಯ ಚೀಟಿ ಇಟ್ಟು ಹೋಗ್ತಾರೆ. ಕೆಲವರು ಮಡಚಿ ಜೇಬಿಗೆ ಹಾಕ್ಕೋತಾರೆ, ಕೆಲವರು ಅದರಲ್ಲೇ ಗಾಳಿ ಬೀಸಿಕೊಳ್ತಾರೆ. ಹೋದ ತಿಂಗಳು ನನ್ನ ಜೊತೆಗಿದ್ದ ಗೆಳೆಯ ಎರಡನ್ನೂ ಮಾಡಲಿಲ್ಲ. ಚೀಟಿ ಕೊಟ್ಟ ವಯಸ್ಸಾದವರನ್ನು ನಿಲ್ಲಿಸಿ, ಸುತ್ತಲಿದ್ದವರಿಗೆಲ್ಲ ಕೇಳಿಸೋ ಹಾಗೆ, "ಯಜಮಾನ್ರೇ, ನಿಮ್ಮ ದೇವರು ಎಲ್ಲಿದ್ದಾನೆ, ಸ್ವಲ್ಪ ತೋರಿಸಿ ನೋಡೋಣ" ಅಂದ. ನಾಲ್ಕು ಜನ ನಕ್ಕರು. ಅವರು ಏನೂ ಹೇಳದೆ ಮುಂದಿನ ಪ್ಲಾಟ್‌ಫಾರ್ಮಿಗೆ ಹೋದರು. ಗೆಳೆಯ ಗೆದ್ದವನ ಹಾಗೆ ನನ್ನ ಮುಖ ನೋಡಿದ.

ನನಗೆ ಆಗ ನೆನಪಾಗಿದ್ದು 1891ರ ಇನ್ನೊಂದು ಪ್ಲಾಟ್‌ಫಾರ್ಮು.

ಚಾರ್ಲ್ಸ್ ಬ್ರಾಡ್ಲಾ ಅಂತ ಇಂಗ್ಲೆಂಡಿನ ಹೆಸರಾಂತ ನಾಸ್ತಿಕ. ಭಾರತದ ಪರವಾಗಿ ಪಾರ್ಲಿಮೆಂಟಿನಲ್ಲಿ ಮಾತಾಡುತ್ತಿದ್ದ ಮನುಷ್ಯ, 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದವನು. ಅವನು ತೀರಿಕೊಂಡಾಗ ಲಂಡನ್ನಿನಲ್ಲಿದ್ದ ಭಾರತೀಯರು ಅಂತ್ಯಕ್ರಿಯೆಗೆ ಹೋದರು. ಅವರಲ್ಲಿ ಲಾ ಓದುತ್ತಿದ್ದ ಹುಡುಗ ಮೋಹನದಾಸ ಗಾಂಧಿಯೂ ಇದ್ದರು. ಕೆಲವು ಪಾದ್ರಿಗಳೂ ಗೌರವ ಸಲ್ಲಿಸೋಕೆ ಬಂದಿದ್ದರಂತೆ. ವಾಪಸ್ ಬರುವಾಗ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ, ಗುಂಪಿನಲ್ಲಿದ್ದ ಒಬ್ಬ ನಾಸ್ತಿಕವೀರ ಪಾದ್ರಿಯೊಬ್ಬರನ್ನು ಹಿಡಿದುಕೊಂಡ. ಭೂಮಿಯ ಸುತ್ತಳತೆ ಇಷ್ಟು ಅಂತ ಒಪ್ಪಿಸಿ, ಹಾಗಾದರೆ ನಿಮ್ಮ ದೇವರ ಅಳತೆ ಎಷ್ಟು, ಅವನಿರೋದೆಲ್ಲಿ ಅಂತ ಕೇಳಿದ. ನಮ್ಮಿಬ್ಬರ ಎದೆಯಲ್ಲೂ ಇದ್ದಾನೆ, ನಮಗೆ ತಿಳಿಯಬೇಕಷ್ಟೆ ಅನ್ನೋ ಅರ್ಥದ ಮಾತು ಹೇಳಿದರು ಪಾದ್ರಿ. ನಾನೇನು ಮಗುವಾ ಅಂತ ಈತ ಬೀಗಿದ. ಪಾದ್ರಿ ಸುಮ್ಮನಾದರು. ಇದನ್ನು ಆತ್ಮಕಥೆಯಲ್ಲಿ ಬರೆದಿರುವ ಗಾಂಧೀಜಿ, ಆ ಮಾತುಕತೆ ಕೇಳಿ ತಮಗೆ ನಾಸ್ತಿಕವಾದದ ಮೇಲಿದ್ದ ಬೇಸರ ಇನ್ನಷ್ಟು ಹೆಚ್ಚಾಯ್ತು ಅಂತಾರೆ.

ಸ್ವಲ್ಪ ಯೋಚಿಸಿ. ವಾದದಲ್ಲಿ ಗೆದ್ದವನು ನಾಸ್ತಿಕ. ಆದರೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದವನನ್ನು ಕಳೆದುಕೊಂಡವನೂ ಅವನೇ. ಅದೂ ಎಂಥಾ ಕೇಳುಗನನ್ನು!

ಆ ನಾಸ್ತಿಕನ ಸಿಟ್ಟಿಗೆ ಕಾರಣ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಬ್ರಾಡ್ಲಾ 1880ರಲ್ಲಿ ಪಾರ್ಲಿಮೆಂಟಿಗೆ ಗೆದ್ದು ಬಂದಾಗ, ದೇವರ ಹೆಸರಿನ ಪ್ರಮಾಣದ ಬದಲು ಬರೀ ದೃಢೀಕರಣ ಮಾಡ್ತೀನಿ ಅಂದ. ಅದಕ್ಕೆ ಬಿಡಲಿಲ್ಲ. ಸರಿ, ನಿಮ್ಮ ಪ್ರಮಾಣವನ್ನೇ ಮಾಡ್ತೀನಿ ಅಂದ. ನಾಸ್ತಿಕನ ಬಾಯಲ್ಲಿ ಆ ಪ್ರಮಾಣಕ್ಕೆ ಬೆಲೆ ಇಲ್ಲ ಅಂತ ಅದಕ್ಕೂ ಬಿಡಲಿಲ್ಲ! ಒಂದು ರಾತ್ರಿ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲೇ ಕೂಡಿಹಾಕಿದ್ದರು. ಜನ ಮತ್ತೆ ಮತ್ತೆ ಆರಿಸಿ ಕಳಿಸಿದರು, ಆದರೂ ಕುರ್ಚಿ ಸಿಕ್ಕಿದ್ದು 1886ರಲ್ಲಿ.

ಅವನ ಜೊತೆಗೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳ ಕತೆ ಇನ್ನೂ ಕಷ್ಟದ್ದು. ಪಾದ್ರಿಯ ಹೆಂಡತಿ ಆಕೆ. ನಂಬಿಕೆ ಹೋಯ್ತು, 1873ರಲ್ಲಿ ಗಂಡನ ಮನೆ ಬಿಟ್ಟರು. ಸಂತಾನ ನಿಯಂತ್ರಣದ ಪುಸ್ತಕವೊಂದನ್ನು ಬ್ರಾಡ್ಲಾ ಜೊತೆ ಸೇರಿ ಅಚ್ಚು ಹಾಕಿಸಿದ್ದಕ್ಕೆ 1877ರಲ್ಲಿ ಕೇಸು. ಮರುವರ್ಷ, ಇಂಥಾ ವಿಚಾರದವಳ ಕೈಯಲ್ಲಿ ಹೆಣ್ಣುಮಗು ಬೆಳೆಯಬಾರದು ಅಂತ ಕೋರ್ಟು ಮಗಳನ್ನೇ ಕಿತ್ತುಕೊಂಡಿತು. ಆ ತಾಯಿಯ ಹೆಸರು ಆನಿ ಬೆಸೆಂಟ್. ಆಮೇಲೆ ಥಿಯಾಸಫಿಗೆ ಹೋದರು, ಭಾರತಕ್ಕೆ ಬಂದರು. ಅವರ ಪ್ರೇರಣೆಯಿಂದಲೇ 1917ರಲ್ಲಿ ನಮ್ಮ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಶುರುವಾಗಿದ್ದು. ಮುಂದೆ ಅದರ ಬೆನ್ನಿಗೇ ನ್ಯಾಷನಲ್ ಕಾಲೇಜು ಬಂತು. ಹಾಸ್ಟೆಲ್ ರೂಮಿನಲ್ಲೇ ಬದುಕು ಕಳೆದು, ಖಾದಿ ಟೋಪಿ ಹಾಕ್ಕೊಂಡೇ ಪ್ರಶ್ನೆ ಕೇಳಿ ಅಂತ ಹೇಳಿಕೊಟ್ಟ ಎಚ್. ನರಸಿಂಹಯ್ಯನವರು ಅಲ್ಲೇ ಓದಿ, ಅಲ್ಲೇ ಪ್ರಿನ್ಸಿಪಾಲರಾದವರು. ಬೆಂಗಳೂರು ವಿವಿ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರಲ್ಲ, ಅದೇ ಎಚ್ಚೆನ್. ಲಂಡನ್ನಿನ ಜಗಳದ ಎಳೆ ಎಲ್ಲಿಗೆ ಬಂತು ನೋಡಿ!

ಇನ್ನೊಂದು ಎಳೆಯೂ ಇದೆ. ಮೆಜೆಸ್ಟಿಕ್ಕಿನಿಂದ ನಡೆದು ಹೋದರೆ ಅವೆನ್ಯೂ ರಸ್ತೆ. ಪುಸ್ತಕದಂಗಡಿ, ಚಿನ್ನದಂಗಡಿಗಳ ಗದ್ದಲದಲ್ಲಿ ರೈಸ್ ಮೆಮೋರಿಯಲ್ ಚರ್ಚು, ಕನ್ನಡದಲ್ಲಿ ಪ್ರಾರ್ಥನೆ ನಡೆಯುವ ಹಳೇ ಜಾಗ. ಇಲ್ಲೇ ಸುಮಾರು ಐದು ದಶಕ ದುಡಿದ ಮಿಷನರಿ ಬೆಂಜಮಿನ್ ರೈಸ್ ಅವರ ಹೆಸರದು. ಅವರ ಮಗನೇ ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿದ ಬಿ. ಎಲ್. ರೈಸ್. ಕಿಟ್ಟೆಲ್ 1894ರಲ್ಲಿ ಕೊಟ್ಟ ನಿಘಂಟನ್ನು ನಾಸ್ತಿಕ ಕನ್ನಡಿಗನೂ ತೆರೀತಾನೆ, ಆಸ್ತಿಕನೂ ತೆರೀತಾನೆ. ಹಾಗೆಯೇ ದೇವರಿಲ್ಲ ಅಂತ ವಾದಿಸೋ ಎ. ಎನ್. ಮೂರ್ತಿರಾಯರ 'ದೇವರು' ಪುಸ್ತಕಕ್ಕೆ ಇದೇ ಕರ್ನಾಟಕ ಪಂಪ ಪ್ರಶಸ್ತಿ ಕೊಟ್ಟಿದೆ. ಕನ್ನಡಕ್ಕೆ ಈ ಎರಡೂ ದಕ್ಕಿವೆ. ನಮಗೆ ಮಾತ್ರ ಯಾಕೆ ದಕ್ಕುತ್ತಿಲ್ಲ?

ಈಗ ಕ್ರೈಸ್ತ ಗೆಳೆಯರ ಸರದಿ.

2012ರ ಮಾರ್ಚ್. ಮುಂಬಯಿಯ ವಿಲೆ ಪಾರ್ಲೆಯ ವೇಲಾಂಕಣಿ ಮಾತೆಯ ಚರ್ಚಿನಲ್ಲಿ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕೋಕೆ ಶುರುವಾಯ್ತು. ಜನ ತೀರ್ಥ ಅಂತ ಹಿಡಿದು ಕುಡಿದರು. ವಿಚಾರವಾದಿ ಸನಲ್ ಇಡಮರುಕು ಹೋಗಿ ನೋಡಿ, ಹತ್ತಿರದ ಟಾಯ್ಲೆಟ್ಟಿನ ಚರಂಡಿ ಕಟ್ಟಿಕೊಂಡು ಆ ನೀರು ಗೋಡೆ ಹೀರಿಕೊಂಡು ಬರ್ತಿದೆ ಅಂತ ತೋರಿಸಿದರು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ಜೊತೆಗೆ ಟೀವಿಯಲ್ಲಿ ಚರ್ಚು ಪವಾಡದ ವ್ಯಾಪಾರ ಮಾಡುತ್ತೆ ಅಂತ ಖಾರವಾಗಿಯೂ ಮಾತಾಡಿದರು. ಕ್ಷಮೆ ಕೇಳಿ ಅಂದ್ರು, ಕೇಳಲಿಲ್ಲ. ಧಾರ್ಮಿಕ ಭಾವನೆಗೆ ಧಕ್ಕೆ ಅಂತ 295ಎ ಕೆಳಗೆ ದೂರುಗಳು ಬಿದ್ದವು. ನಿರೀಕ್ಷಣಾ ಜಾಮೀನು ಸಿಗಲಿಲ್ಲ. ಅದೇ ವರ್ಷ ಅವರು ಫಿನ್‌ಲೆಂಡಿಗೆ ಹೋದರು.

ಖಾರದ ಮಾತು ಬೇಕಿತ್ತಾ? ಬೇಕಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಖಾರದ ಮಾತಿಗೆ ಖಾರದ ಉತ್ತರ ಕೊಡಬಹುದು, ಪೊಲೀಸ್ ಸ್ಟೇಷನ್ ಅಲ್ಲ. ಚರಂಡಿ ನೀರು ಕುಡಿಯಬೇಡಿ ಅಂದವನು ಭಕ್ತರ ಹೊಟ್ಟೆ ಉಳಿಸಿದ್ದ. ಇದಕ್ಕಿಂತ ದೊಡ್ಡ ವಿಷಯ, ಪರೀಕ್ಷೆ ಕ್ಯಾಥೊಲಿಕ್ ಚರ್ಚಿಗೆ ಹೊಸದೇ ಅಲ್ಲ. ಯಾರನ್ನಾದರೂ ಸಂತರೆಂದು ಘೋಷಿಸುವ ಮೊದಲು ಪವಾಡಗಳನ್ನು ವೈದ್ಯರಿಂದ ಪರಿಶೀಲನೆ ಮಾಡಿಸ್ತಾರೆ. ಮದರ್ ತೆರೇಸಾ ವಿಷಯದಲ್ಲಿ, ಅವರನ್ನು ಕಟುವಾಗಿ ಟೀಕಿಸಿ ಪುಸ್ತಕ ಬರೆದ ನಾಸ್ತಿಕ ಕ್ರಿಸ್ಟೊಫರ್ ಹಿಚನ್ಸ್‌ನನ್ನು ಚರ್ಚೇ ಕರೆಸಿ ಹೇಳಿಕೆ ಪಡೆದುಕೊಂಡಿತ್ತು. ಆ ದೊಡ್ಡ ಮನಸ್ಸು ಮುಂಬಯಿಯಲ್ಲಿ ಯಾಕೆ ಕಾಣಲಿಲ್ಲ?

ಇದನ್ನೆಲ್ಲ ಈಗ ಬರೆಯೋಕೆ ಕಾರಣ ನಮ್ಮ ಮನೆ ಬಾಗಿಲಲ್ಲೇ ಇದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿಯಾಯ್ತು. 2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಬರೆದುಕೊಡಬೇಕು, ತಪ್ಪಿದರೆ ಜೈಲು ಅಂತ ಅದರಲ್ಲಿತ್ತು. 2023ರ ಜೂನಿನಲ್ಲಿ ಆಗಿನ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ಕಾಯ್ದೆಯ ಲೆಕ್ಕದಲ್ಲಿ ಮತಾಂತರ ಅಂದ್ರೆ ಒಂದು ಧರ್ಮ ಬಿಟ್ಟು ಇನ್ನೊಂದಕ್ಕೆ ಹೋಗೋದು. ಅಂದ್ರೆ ನನ್ನಂಥವನು ಧರ್ಮ ಬಿಟ್ಟು ಸುಮ್ಮನೆ ಮನೇಲಿ ಕೂತರೆ ಯಾವ ಅರ್ಜಿಯೂ ಬೇಡ. ಪಕ್ಕದ ಮನೆಯವನು ಬಿಟ್ಟು ಚರ್ಚಿಗೆ ಹೋದರೆ ಡೀಸಿ ಆಫೀಸಿಗೆ ಅಲೆಯಬೇಕು. ಮನಸ್ಸು ಬದಲಾಯಿಸೋ ಹಕ್ಕು ಇಬ್ಬರದ್ದೂ ಒಂದೇ ಅಲ್ಲವೇ? ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಅನ್ನುತ್ತೆ, ಆತ್ಮಸಾಕ್ಷಿ ಯಾವ ಕಡೆ ತಿರುಗಬೇಕು ಅಂತ ಹೇಳಲ್ಲ.

ನಮ್ಮ ವಿಚಾರವಾದಿ ಗೆಳೆಯರಲ್ಲಿ ಕೆಲವರು "ಅವರ ಮೂಢನಂಬಿಕೆ, ಅವರ ಪಾಡು" ಅಂತ ಕೈಕೊಡವಿಕೊಂಡಿದ್ದು ನನಗೆ ಸರಿ ಕಾಣಲಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಇಡೀ ದೇಶದಲ್ಲಿ ನಾಸ್ತಿಕ ಅಂತ ಬರೆಸಿದವರು ಸುಮಾರು 33 ಸಾವಿರ. ಒಂದು ಸಣ್ಣ ಗುಂಪು ಇನ್ನೊಂದು ಸಣ್ಣ ಗುಂಪಿನ ಹಕ್ಕು ಹೋಗೋದನ್ನು ನೋಡಿ ಸುಮ್ಮನಿದ್ದರೆ, ಮುಂದಿನ ಸರದಿ ಯಾರದ್ದು? 295ಎ ಈಗ ನ್ಯಾಯ ಸಂಹಿತೆಯಲ್ಲಿ 299 ಆಗಿದೆ. ನಂಬರ್ ಬದಲಾಗಿದೆ ಅಷ್ಟೇ. ಅದು ನಾಸ್ತಿಕನ ಮೇಲೂ ಬೀಳುತ್ತೆ, ಬೇರೆ ದೇವರುಗಳ ಬಗ್ಗೆ ಎರಡು ಮಾತಾಡಿದ ಪಾಸ್ಟರ್ ಮೇಲೂ ಬೀಳುತ್ತೆ.

ಬ್ರಾಡ್ಲಾ ಕತೆಯಲ್ಲಿ ಒಬ್ಬರ ಹೆಸರು ಬಾಕಿ ಇದೆ, ಪ್ರಧಾನಿ ಗ್ಲಾಡ್‌ಸ್ಟನ್. ಕಟ್ಟಾ ಕ್ರೈಸ್ತ. ಬ್ರಾಡ್ಲಾನ ವಿಚಾರಗಳು ಅವರಿಗೆ ಒಂಚೂರೂ ಹಿಡಿಸುತ್ತಿರಲಿಲ್ಲ. ಆದರೂ 1883ರಲ್ಲಿ, ದೇವರ ಹೆಸರಿಲ್ಲದೆ ದೃಢೀಕರಿಸಲು ಅವಕಾಶ ಕೊಡುವ ಮಸೂದೆಯ ಪರವಾಗಿ ಎದ್ದು ನಿಂತು ಅವರ ಜೀವಮಾನದ ದೊಡ್ಡ ಭಾಷಣಗಳಲ್ಲೊಂದನ್ನು ಮಾಡಿದರು. ಮಸೂದೆ ಮೂರೇ ಮೂರು ಓಟಿನಲ್ಲಿ ಸೋತಿತು. 1888ರಲ್ಲಿ ಬ್ರಾಡ್ಲಾನೇ ಮುಂದೆ ನಿಂತು ಅಂಥದ್ದೇ ಕಾನೂನು ಮಾಡಿಸಿದ. ಇವತ್ತು ನಮ್ಮ ವಿಧಾನಸೌಧದಲ್ಲಿ ಒಬ್ಬರು ದೇವರ ಹೆಸರಿನಲ್ಲಿ, ಇನ್ನೊಬ್ಬರು ಸತ್ಯನಿಷ್ಠೆಯಿಂದ ಅಂತ ಪ್ರಮಾಣ ತಗೊಂಡಾಗ ಯಾರೂ ಹುಬ್ಬೇರಿಸಲ್ಲ. ಆ ಎರಡೂ ದಾರಿ ನಮ್ಮ ಸಂವಿಧಾನದಲ್ಲೇ ಇವೆ.

ನಾನು ಕೇಳೋದು ಇಷ್ಟೇ. ವಾದ ನಿಲ್ಲಿಸಬೇಡಿ. ದೇವರಿದ್ದಾನಾ ಇಲ್ಲವಾ ಅನ್ನೋದು ಸಣ್ಣ ಪ್ರಶ್ನೆಯಲ್ಲ, ಅದನ್ನು ಸಕ್ಕರೆ ಹಾಕಿ ನುಂಗೋದು ಬೇಡ. ಕ್ರೈಸ್ತ ಗೆಳೆಯರು ಸುವಾರ್ತೆ ಹೇಳಲಿ, ನಾವು ಪ್ರಶ್ನೆ ಕೇಳೋಣ. ಆದರೆ ಕ್ರೈಸ್ತರ ಮೇಲೆ ಅನ್ಯಾಯದ ಕಾನೂನು ಬಂದಾಗ ಮೊದಲ ಸಹಿ ನಾಸ್ತಿಕನದ್ದಿರಲಿ, ನಾಸ್ತಿಕನ ಮೇಲೆ 299 ಬಿದ್ದಾಗ ಜಾಮೀನಿಗೆ ನಿಲ್ಲೋನು ಕ್ರೈಸ್ತನಾಗಿರಲಿ. ಒಪ್ಪಿಗೆ ಆಮೇಲೆ ನೋಡಿಕೊಳ್ಳೋಣ.

ಇದು ನನ್ನ ಅನಿಸಿಕೆ. ಚರ್ಚಿಗೆ ಹೋಗುವವರೂ ಹೋಗದವರೂ ಓದ್ತೀರಿ ಅಂತ ಗೊತ್ತು. ನೀವೇನಂತೀರಿ?