‘ಯಾಕೆ ಇದೇ ಹಕ್ಕಿ?’ ಅಂತ ಕೇಳಿದ್ರೆ ಸಿಟ್ಟಾಗ್ಬೇಡಿ

ನೀವು ಇಬರ್ಡ್ ಆ್ಯಪ್‌ನಲ್ಲಿ ಹಕ್ಕಿ ಪಟ್ಟಿ ಹಾಕೋರಾದ್ರೆ ಈ ಅನುಭವ ಆಗಿರಬಹುದು. ಆ ಊರಲ್ಲಿ, ಆ ತಿಂಗಳಲ್ಲಿ ಅಪರೂಪದ ಹಕ್ಕಿಯ ಹೆಸರು ಹಾಕಿದ ಕೂಡಲೇ ಆ್ಯಪ್ ವಿವರ ಕೇಳುತ್ತೆ. ಆಮೇಲೆ ಆ ಭಾಗದ ಪರಿಶೀಲಕರು ಅದನ್ನ ನೋಡ್ತಾರೆ. ಅವರೂ ನಮ್ಮ ಹಾಗೇ ಹಕ್ಕಿ ಹುಚ್ಚಿನವರು, ಸಂಬಳವಿಲ್ಲದ ಕೆಲಸ.

ಮಳೆಗಾಲದಲ್ಲಿ ಈ ಕೇಳಾಟ ಜಾಸ್ತಿ. ಗಾಳಿ ಜೋರಾದಾಗ, ನಡುಗಡಲಲ್ಲೇ ಬದುಕುವ ಹಕ್ಕಿಗಳು ಒಮ್ಮೊಮ್ಮೆ ನಮ್ಮ ಕರಾವಳಿಯ ದಡದವರೆಗೂ ಬಂದುಬಿಡುತ್ತವೆ. ಹೋದ ಜುಲೈನಲ್ಲಿ ಗೆಳೆಯನೊಬ್ಬ ಮಲ್ಪೆಯಲ್ಲಿ ಫ್ರಿಗೇಟ್ ಹಕ್ಕಿ ನೋಡಿ ‘ಲೆಸ್ಸರ್ ಫ್ರಿಗೇಟ್‌ಬರ್ಡ್’ ಅಂತ ಹಾಕಿದ. ‘ಬೇರೆ ಎರಡು ಜಾತಿ ಅಲ್ಲ ಅಂತ ಹೇಗೆ ಗೊತ್ತಾಯ್ತು?’ ಅಂತ ಮೇಲ್ ಬಂತು. ಇವನಿಗೆ ಉರಿದುಹೋಯ್ತು. “ನಾನೇನು ಸುಳ್ಳು ಹೇಳ್ತೀನಾ ಮಾರಾಯ?”

ಸುಳ್ಳಿನ ಪ್ರಶ್ನೆಯೇ ಅಲ್ಲ ಅದು. ಬಲಿತ ಗಂಡಾದ್ರೆ ಗುರುತು ಸುಲಭ. ಲೆಸ್ಸರ್‌ಗೆ ಹೊಟ್ಟೆ ಕಪ್ಪು, ಕಂಕುಳಲ್ಲಿ ಮಾತ್ರ ಬಿಳಿ ಚೂರು. ಗ್ರೇಟ್‌ಗೆ ಹೊಟ್ಟೆ, ಕಂಕುಳು ಎರಡೂ ಕಪ್ಪು. ಕ್ರಿಸ್ಮಸ್ ಐಲ್ಯಾಂಡ್ ಫ್ರಿಗೇಟ್‌ಗೆ ಹೊಟ್ಟೆಯ ಮೇಲೆ ಬಿಳಿ ಮಚ್ಚೆ. ಆದ್ರೆ ಮರಿಹಕ್ಕಿಗೆ ಬಲಿತ ಬಣ್ಣ ಬರೋಕೆ ವರ್ಷಗಳೇ ಬೇಕು. ಅಲ್ಲಿವರೆಗೆ ಮೂರೂ ಅಣ್ಣತಮ್ಮಂದಿರ ಹಾಗೆ. ಗೆಳೆಯ ನೋಡಿದ್ದು ಮರಿಯನ್ನ. ಫೋಟೋದಲ್ಲಿ ಮೋಡದ ಬೆಳಕಿಗೆ ಹೊಟ್ಟೆಯೆಲ್ಲ ಮಸಿ ಬಳಿದ ಹಾಗಿತ್ತು.

ಕೊನೆಗೆ ಅದು ‘ಫ್ರಿಗೇಟ್ ಹಕ್ಕಿ, ಜಾತಿ ತಿಳಿಯದು’ ಅಂತ ದಾಖಲಾಯ್ತು. ಅವನಿಗೆ ಬೇಜಾರು. ನನಗಂತೂ ಅದು ಒಳ್ಳೆಯ ದಾಖಲೆ ಅಂತಲೇ ಅನ್ನಿಸುತ್ತೆ. ಕ್ರಿಸ್ಮಸ್ ಐಲ್ಯಾಂಡ್ ಫ್ರಿಗೇಟ್ ಜಗತ್ತಿನಲ್ಲಿ ಮರಿ ಮಾಡೋದು ಆ ಒಂದೇ ದ್ವೀಪದಲ್ಲಿ. ಅಂಥ ಹಕ್ಕಿ ಎಲ್ಲೆಲ್ಲಿ ಹಾರಾಡುತ್ತೆ ಅಂತ ತಿಳಿಯೋಕೆ ಇಂಥ ದಾಖಲೆಗಳೂ ಬೇಕು. ನಕ್ಷೆಯಲ್ಲಿ ಒಂದು ತಪ್ಪು ಚುಕ್ಕೆ ಬಿದ್ರೆ ಅದನ್ನ ನಂಬಿ ಇನ್ನೊಬ್ಬರು ಲೆಕ್ಕ ಹಾಕ್ತಾರೆ. ದೃಢಪಡದ ದಾಖಲೆ ಕೂಡ ನಿಮ್ಮ ಪಟ್ಟಿಯಿಂದ ಅಳಿಸಿಹೋಗಲ್ಲ, ಎಲ್ಲರೂ ನೋಡುವ ನಕ್ಷೆಯಲ್ಲಿ ಕಾಣಲ್ಲ ಅಷ್ಟೇ. (ಪರಿಶೀಲಕರಿಗೂ ಒಂದು ಮಾತು: ಯಾಕೆ ಒಪ್ಪಲಿಲ್ಲ ಅಂತ ಒಂದು ಸಾಲು ಬರೀರಿ. ಹೊಸಬರು ಅದರಿಂದಲೇ ಕಲೀತಾರೆ.)

ಈ ಮಳೆಗಾಲ ಬೀಚಿಗೆ ಹೋಗೋರು ಹೀಗೆ ಮಾಡಿ. ಪುಸ್ತಕ ತೆರೆಯೋ ಮೊದಲು ಕಂಡದ್ದನ್ನ ಫೋನಿನಲ್ಲಿ ಬರ್ಕೊಳ್ಳಿ ಅಥವಾ ಮಾತಾಡಿ ರೆಕಾರ್ಡ್ ಮಾಡಿ. ಪುಸ್ತಕ ನೋಡಿದ ಮೇಲೆ ಕಣ್ಣು ಕಾಣದ್ದನ್ನೂ ಕಂಡೆ ಅನ್ನುತ್ತೆ! ಎಷ್ಟು ದೂರ, ಬೆಳಕು ಹೇಗಿತ್ತು, ಎಷ್ಟು ಹೊತ್ತು ನೋಡಿದ್ರಿ, ಹೊಟ್ಟೆ ಮತ್ತು ಕಂಕುಳು ಕಾಣಿಸ್ತಾ, ಇವೆಲ್ಲ ಬೇಕು. ಕಾಣದಿದ್ದನ್ನ ‘ಕಾಣಲಿಲ್ಲ’ ಅಂತಲೇ ಬರೀರಿ. ಮಸುಕು ಫೋಟೋ ಅಂತ ಡಿಲೀಟ್ ಮಾಡ್ಬೇಡಿ. ಎಷ್ಟೋ ಸಲ ರೆಕ್ಕೆ ಎತ್ತಿದ ಆ ಒಂದು ಮಸುಕು ಫ್ರೇಮಿನಲ್ಲೇ ಕಂಕುಳ ಬಿಳಿ ಸಿಕ್ಕಿರುತ್ತೆ.